ಒಂದು ಲೀಟರ್ ಮಂಡಕ್ಕಿ

ಸೊನ್ನೆ ತುಂಬುವುದು ನನಗೆ ಬರುವುದಿಲ್ಲ. ಉತ್ತರಪತ್ರಿಕೆಯಲ್ಲಿ ಒಂದೊಂದು ಪ್ರಶ್ನೆಯ ಮುಂದೆ ನಾಲ್ಕು ನಾಲ್ಕು ಪುಟ್ಟ ಸೊನ್ನೆಗಳು ಅಚ್ಚಾಗಿರುತ್ತವಲ್ಲ, ಅವುಗಳಲ್ಲಿ ಒಂದನ್ನು ಕಪ್ಪು ಮಾಡಿದರೆ ಯಂತ್ರ ಅದನ್ನೇ ಉತ್ತರವೆಂದು ಓದಿಕೊಳ್ಳುತ್ತದಲ್ಲ, ಆ ಸೊನ್ನೆ. ನಾನು ತುಂಬಲು ಕೂತರೆ ಶಾಯಿ ಗಡಿ ದಾಟಿ ಪಕ್ಕದ ಸೊನ್ನೆಯ ಮನೆಗೂ ಹೋಗಿ ಬರುತ್ತದೆ. ನಾನು ಓದುವ ಕಾಲದಲ್ಲಿ ಸೊನ್ನೆ ತಂದವರಿಗೆ ಮನೆಯಲ್ಲಿ ಪೂಜೆಯಾಗುತ್ತಿತ್ತು. ಈಗ ನನ್ನ ಮೂರನೇ ತರಗತಿಯ ಮಕ್ಕಳಿಗೆ ಸೊನ್ನೆಯನ್ನು ಅಚ್ಚುಕಟ್ಟಾಗಿ ತುಂಬುವುದನ್ನು ನಾನೇ ಕಲಿಸಬೇಕಾಗಿದೆ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನನಗೆ ಬಾರದ್ದನ್ನು ಕಲಿಸಿದ್ದು ಇದೇ ಮೊದಲಲ್ಲ ಎಂಬುದೊಂದು ಸಮಾಧಾನ.

ವಿಷಯ ಇಷ್ಟೇ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಡೀ ದೇಶದಲ್ಲಿ ಒಂದೇ ದಿನ ನಡೆಯುವ ಪರೀಕ್ಷೆಗೆ ನಮ್ಮ ಶಾಲೆಯೂ ಆಯ್ಕೆಯಾಗಿತ್ತು. ಮಕ್ಕಳನ್ನು ಅಣಿಗೊಳಿಸಿ, ಪೋಷಕರಿಗೆ ಅರಿವು ಮೂಡಿಸಿ ಎಂದು ಸುತ್ತೋಲೆ ಬಂತು. ಅರಿವು ಮೂಡಿಸಲು ಮೊದಲು ನನ್ನಲ್ಲಿ ಅದು ಇರಬೇಕಲ್ಲ! ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯಿಂದ ಹೊರಟು, ಬಸ್ಸಿನಲ್ಲಿ ನಿಂತುಕೊಂಡೇ ಹರಿಹರ ಸೇರುವಷ್ಟರಲ್ಲಿ ನನ್ನ ಅರ್ಧ ಶಕ್ತಿ ಮುಗಿದಿರುತ್ತದೆ. ಉಳಿದ ಅರ್ಧದಲ್ಲಿ ಮೊಟ್ಟೆ ಹಂಚಬೇಕು, ಹಾಜರಾತಿಯನ್ನು ಫೋನಿಗೆ ತಿನ್ನಿಸಬೇಕು, ಮಕ್ಕಳ ಪಾದ ಅಳೆದು ಶೂಗಳ ಪಟ್ಟಿ ಬರೆಯಬೇಕು. ಇಷ್ಟಾದ ಮೇಲೂ ಏನಾದರೂ ಮಿಕ್ಕಿದ್ದರೆ ಪಾಠ. ಸುಸ್ತು ಎಂದು ಯಾರಿಗೂ ಹೇಳುವ ಹಾಗಿಲ್ಲ, ಏಕೆಂದರೆ ಕೇಳಿಸಿಕೊಳ್ಳಬೇಕಾದವರಿಗೂ ಅಷ್ಟೇ ಸುಸ್ತಾಗಿರುತ್ತದೆ.

ಪೋಷಕರ ಸಭೆಗೆ ಹದಿನಾಲ್ಕು ಜನ ಬಂದರು. ಕೆಲವರು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಇದರಲ್ಲಿ ಪಾಸು ಫೇಲು ಇರುವುದಿಲ್ಲ, ಮಕ್ಕಳು ಏನು ಕಲಿತಿದ್ದಾರೆ ಎಂದು ಸರ್ಕಾರ ತಿಳಿದುಕೊಳ್ಳುತ್ತದೆ ಅಷ್ಟೇ, ಯಾರೂ ಗಾಬರಿಯಾಗಬೇಡಿ ಎಂದೆ. ಅಲ್ಲಿಯವರೆಗೆ ಯಾರೂ ಗಾಬರಿಯಾಗಿರಲಿಲ್ಲ. ಗಾಬರಿ ಎಂಬ ಮಾತು ಕೇಳಿದ್ದೇ ತಡ, ಎಲ್ಲರೂ ನೆಟ್ಟಗೆ ಕೂತರು.

"ಫೇಲೇ ಇಲ್ಲ ಅಂದ್ರೆ ಪರೀಕ್ಷೆ ಯಾಕ್ರಿ ಮೇಡಂ?" ಎಂದರು ಹಿಂದೆ ಕೂತಿದ್ದ ಒಬ್ಬ ತಂದೆ.

"ಮಾರ್ಕ್ಸ್ ಆದ್ರೂ ಹೇಳ್ತಾರೇನ್ರಿ?" ಎಂದರು ಪಕ್ಕದವರು.

ಹೇಳುವುದಿಲ್ಲ ಎಂದೆ.

"ಮಾರ್ಕ್ಸೂ ಇಲ್ಲ, ಫೇಲೂ ಇಲ್ಲ. ಹಂಗಾದ್ರೆ ಹುಡುಗ್ರು ಹೆಂಗೆ ಹೆದರ್ತಾವ್ರಿ?"

ಪರೀಕ್ಷೆ ಎಂಬ ಮಾತನ್ನು ಬಿಡಿಸಿದರೆ 'ಪರಿ' ಮತ್ತು 'ಈಕ್ಷೆ' ಸಿಗುತ್ತವೆ, ಸುತ್ತಲಿಂದಲೂ ನೋಡುವುದು ಎಂದು ಅರ್ಥ. ಆ ಹಳಬರು ಎಷ್ಟು ದೊಡ್ಡ ಮನಸ್ಸಿನವರು ನೋಡಿ, ಮಗುವಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬನ್ನಿ ಎಂದು ಮಾತಿನಲ್ಲೇ ಹೇಳಿಟ್ಟಿದ್ದಾರೆ. ಇದನ್ನು ಸಭೆಯಲ್ಲಿ ಹೇಳಬೇಕೆಂದು ನನ್ನ ನಾಲಿಗೆ ಬಹಳ ತುರಿಸಿತು. ಕೂಲಿ ಬಿಟ್ಟು ಬಂದವರಿಗೆ ವ್ಯಾಕರಣ ಉಣಬಡಿಸುವುದು ಬೇಡವೆಂದು ಸುಮ್ಮನಾದೆ. ಬದಲಿಗೆ, ಮಕ್ಕಳು ಎಂಥ ತಪ್ಪು ಮಾಡುತ್ತಾರೆಂದು ತೋರಿಸೋಣವೆಂದು ಹಿಂದಿನ ದಿನದ ಮಾದರಿ ಪರೀಕ್ಷೆಯ ಒಂದು ಹಾಳೆ ಎತ್ತಿಕೊಂಡೆ. ಹೆಸರು ಹೇಳಬಾರದೆಂಬ ಬುದ್ಧಿಯೂ ಆಗ ಇರಲಿಲ್ಲ. ಸಿಂಚನಾಳ ಹಾಳೆ.

ಸಿಂಚನಾ ನನ್ನ ತರಗತಿಯ ಎರಡನೇ ಬೆಂಚಿನ ಹುಡುಗಿ. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವವಳು. ಅವಳ ತಾಯಿ ಹನುಮಕ್ಕ ಕೊಕ್ಕನೂರಿನ ಹೆಣ್ಣುಮಗಳು, ಮದುವೆಯಾಗಿ ಹರಿಹರಕ್ಕೆ ಬಂದು ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಅಂಗಡಿ ಇಟ್ಟುಕೊಂಡಿದ್ದಾಳೆ. ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಳು, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು.

ಮಾದರಿ ಪ್ರಶ್ನೆಪತ್ರಿಕೆ ಮಾಡಿದವಳು ನಾನೇ. ನಮೂನೆಗೆಂದು ಇಲಾಖೆಯವರು ಕಳಿಸಿದ್ದ ಪತ್ರಿಕೆಯಲ್ಲಿ 'ಲೀಟರಿನಲ್ಲಿ ಅಳೆಯುವ ವಸ್ತು ಯಾವುದು?' ಎಂಬ ಪ್ರಶ್ನೆಗೆ ಹಾಲು, ಗೋಧಿ, ಬಟ್ಟೆ, ರಸ್ತೆ ಎಂದು ನಾಲ್ಕು ಉತ್ತರಗಳಿದ್ದವು. ನಮ್ಮ ಕಡೆಯ ಮಕ್ಕಳಿಗೆ ನಮ್ಮ ಕಡೆಯ ಪದಾರ್ಥವೇ ಇರಲಿ ಎಂದು ಗೋಧಿಯನ್ನು ಹೊಡೆದು ಮಂಡಕ್ಕಿ ಎಂದು ಬರೆದಿದ್ದೆ. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಸಿಂಚನಾ ಹಾಲು, ಮಂಡಕ್ಕಿ ಎರಡರ ಸೊನ್ನೆಯನ್ನೂ ತುಂಬಿದ್ದಳು. ನನಗಿಂತ ಚೆನ್ನಾಗಿಯೇ ತುಂಬಿದ್ದಳು, ಒಂದು ಚೂರೂ ಗಡಿ ದಾಟಿರಲಿಲ್ಲ.

"ನೋಡ್ರಿ, ಎರಡು ಸೊನ್ನೆ ತುಂಬಿದರೆ ಯಂತ್ರ ಎರಡನ್ನೂ ತಪ್ಪು ಅನ್ನುತ್ತೆ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸಭೆಯಲ್ಲಿ ನಗು ಬರಲಿ ಎಂಬ ಚಪಲ. "ಏನಮ್ಮ ಸಿಂಚನಾ, ನಿಮ್ಮನೇಲಿ ಮಂಡಕ್ಕಿನ ಲೋಟಕ್ಕೆ ಹಾಕ್ಕೊಂಡು ಕುಡೀತೀರೇನು?"

ನಗು ಬಂತು. ನಾಲ್ಕೈದು ಜನ ಮಾತ್ರ ನಕ್ಕರು, ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೇಕೆ ನಗಲಿಲ್ಲ ಎಂದು ನಾನು ಯೋಚಿಸಲಿಲ್ಲ. ಹನುಮಕ್ಕ ತಲೆ ತಗ್ಗಿಸಿ, "ನಮ್ಮ ಹುಡುಗಿಗೆ ತಿಳುವಳಿಕಿ ಕಡಿಮಿ ಐತ್ರಿ ಮೇಡಂ. ಮನ್ಯಾಗ ಹೇಳಿ ತಿದ್ದತೀನ್ರಿ," ಎಂದಳು. ಸಿಂಚನಾ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು.

ಮರುದಿನದಿಂದ ಅವಳ ಕೈ ಮೇಲೇಳಲಿಲ್ಲ. ಎರಡು ದಿನ ಹೊಟ್ಟೆನೋವು ಎಂದು ಶಾಲೆಗೇ ಬರಲಿಲ್ಲ. ಬಂದ ದಿನ ಅಭ್ಯಾಸದ ಹಾಳೆ ಕೊಟ್ಟೆ. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಹತ್ತಿರ ಹೋಗಿ, ಬರಿಯಮ್ಮ ಎಂದೆ.

"ಮಿಸ್, ಇದ್ರಾಗೆ ನಿಮಗೆ ಯಾವ್ದು ಬೇಕ್ರಿ?" ಎಂದಳು.

ಆಯ್ಕೆಗಳಲ್ಲಿ ತ್ರಿಭುಜ ಯಾವುದು ಎಂದು ಕೇಳಿದ ಪ್ರಶ್ನೆ ಅದು. ಮೂರು ಮೂಲೆಯ ಚಿತ್ರ ಅವಳ ಕಣ್ಣ ಮುಂದೆಯೇ ಇತ್ತು. ಅದನ್ನು ತ್ರಿಭುಜ ಎನ್ನಲು ಅವಳಿಗೆ ನನ್ನ ಅಪ್ಪಣೆ ಬೇಕಾಗಿತ್ತು. ಎಲ್ಲೋ ಏನೋ ಕೆಟ್ಟಿದೆ ಎಂದು ಗೊತ್ತಾಯಿತು, ಕೆಡಿಸಿದವರು ಯಾರೆಂದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ತಾಯಿ ಹೊಡೆದಿರಬೇಕು ಎಂದುಕೊಂಡೆ. ತಪ್ಪನ್ನು ಪಕ್ಕದವರ ಮನೆಗೆ ಸಾಗಿಸುವುದರಲ್ಲಿ ನಾವು ಮಾಸ್ತರ ಜಾತಿಯವರು ಬಲು ಚುರುಕು.

ಆ ಶನಿವಾರ ಸಂಜೆ ಮನೆಗೆ ನೆಂಟರು ಬರುವವರಿದ್ದರು. ನಮ್ಮ ದಾವಣಗೆರೆಯಲ್ಲಿ ನೆಂಟರೆಂದರೆ ಮೊದಲು ಮಂಡಕ್ಕಿಯ ಯೋಚನೆ, ಆಮೇಲೆ ಅವರು ಉಳಿಯುತ್ತಾರೋ ಹೋಗುತ್ತಾರೋ ಎಂಬ ಯೋಚನೆ. ಬಡಾವಣೆಯ ತಿರುವಿನ ಅಂಗಡಿಗೆ ಹೋಗಿ, ವರ್ಷಾನುಗಟ್ಟಲೆ ಹೇಳುತ್ತ ಬಂದ ಮಾತನ್ನೇ ಹೇಳಿದೆ: "ಮೂರು ಲೀಟರ್ ಮಂಡಕ್ಕಿ ಕೊಡ್ರಿ."

ಅಂಗಡಿಯವನು ಲೀಟರ್ ಅಳತೆಯ ತಗಡಿನ ಡಬ್ಬಿಯನ್ನು ಚೀಲದೊಳಗೆ ಇಳಿಸಿ, ಗೋಪುರವಾಗುವಂತೆ ತುಂಬಿ, ಒಂದು ಎಂದ. ನಾನು ನಾಲಿಗೆ ಕಚ್ಚಿಕೊಂಡೆ. ಎರಡು ಎಂದ, ಮೂರು ಎಂದ. ಮೇಲೊಂದು ಹಿಡಿ ಕೊಸರನ್ನೂ ಹಾಕಿದ. ನಾನು ಕೈ ಚಾಚದೆ ಅಲ್ಲೇ ನಿಂತಿದ್ದೆ.

"ಯಾಕ್ರಿ ಮೇಡಂ, ಕಮ್ಮಿ ಆತೇನ್ರಿ?"

"ಇಲ್ಲಪ್ಪ, ಅಳತೆ ಸರಿ ಐತೆ," ಎಂದೆ. ಅಳತೆ ಸರಿಯಿಲ್ಲದವಳು ನಾನು.

ಯೋಚಿಸಿದರೆ ನಗು ಬರುತ್ತದೆ. ಸೇರು, ಪಾವು, ಚಟಾಕು ಎಲ್ಲ ಹೋಗಿ ಲೀಟರು ಬಂದಾಗ ಮಂಡಕ್ಕಿ ಸುಮ್ಮನೆ ಸೇರಿನಿಂದ ಇಳಿದು ಲೀಟರಿನಲ್ಲಿ ಕೂತಿತು. ಗಾಳಿಯಂಥ ಪದಾರ್ಥ, ತೂಕಕ್ಕೆ ಹಾಕಿದರೆ ತಕ್ಕಡಿಗೂ ಬೇಜಾರು. ಹಾಲಾದರೋ ಈಗ ಪಾಕೀಟಿನಲ್ಲಿ ಬರುತ್ತದೆ. ಅದನ್ನು ಅಳೆಯುವುದನ್ನು ಸಿಂಚನಾ ಬಹುಶಃ ಕಂಡೇ ಇಲ್ಲ. ಮಂಡಕ್ಕಿ ಅಳೆಯುವುದನ್ನು ದಿನಾ ಸಂಜೆ ತಾಯಿಯ ಪಕ್ಕ ಕೂತು ಕಂಡಿದ್ದಾಳೆ. ಹಾಲನ್ನು ಅವಳು ನನ್ನ ಪಾಠ ನಂಬಿ ಬರೆದಿದ್ದಳು, ಮಂಡಕ್ಕಿಯನ್ನು ತನ್ನ ಕಣ್ಣು ನಂಬಿ ಬರೆದಿದ್ದಳು. ನಾನು ಹದಿನಾಲ್ಕು ಜನರ ಮುಂದೆ ಅವಳ ಕಣ್ಣನ್ನು ಸುಳ್ಳು ಮಾಡಿಬಿಟ್ಟೆ. ಇನ್ನು ಮೇಲೆ ಆ ಮಗು ಯಾವುದನ್ನು ನಂಬಬೇಕು?

ಸೋಮವಾರ ಶಾಲೆ ಬಿಟ್ಟ ಮೇಲೆ ಸಿಂಚನಾಳ ಜೊತೆಗೇ ಹನುಮಕ್ಕನ ಅಂಗಡಿಗೆ ನಡೆದೆ. ನನ್ನನ್ನು ಕಂಡು ಅವಳು ಗಾಬರಿಯಿಂದ ಎದ್ದು, ಬರ್ರಿ ಮೇಡಂ, ಕೂಡ್ರಿ ಎಂದು ಸ್ಟೂಲು ಒರೆಸಿದಳು. ನಾನು ಕೂರಲಿಲ್ಲ. "ಸಿಂಚನಾ ಬರೆದಿದ್ದು ಸರಿ ಇತ್ತು ಹನುಮಕ್ಕ. ಪ್ರಶ್ನೆ ತಪ್ಪಾಗಿತ್ತು. ಪ್ರಶ್ನೆ ಮಾಡಿದವಳು ನಾನು," ಎಂದೆ. ಮೂವತ್ತು ಮಕ್ಕಳಿಗೆ ದಿನವೂ ತಪ್ಪು ಒಪ್ಪಿಕೊಳ್ಳಿ ಎಂದು ಹೇಳುವ ನನಗೆ ಅಷ್ಟು ಹೇಳುವಷ್ಟರಲ್ಲಿ ಬೆವರು ಬಂತು.

"ಅವತ್ತೇ ಅನ್ಕೊಂಡ್ನಿರಿ," ಎಂದಳು ಹನುಮಕ್ಕ ಮೆಲ್ಲಗೆ. "ಮೇಡಂ ಅಂದ್ಮ್ಯಾಲೆ ಸರಿ ಇರಬೇಕು ಅಂತ ಸುಮ್ನಾದೆ. ಮನಿಗೆ ಬಂದು ಇವ್ಳಿಗೇ ಎರಡು ಕೊಟ್ಟೆ." ಮಗಳ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಅಂಗಡಿಯವಳ ದನಿಯಲ್ಲಿ ಕೇಳಿದಳು: "ಈಗ ಮಿಷಿನ್ನಿಗೆ ಯಾವ್ದು ತುಂಬಬೇಕ್ರಿ?"

ಪೋಷಕರಿಗೆ ಅರಿವು ಮೂಡಿಸುವ ಸಂದರ್ಭ ನಿಜವಾಗಿ ಆಗ ಬಂದಿತ್ತು. ಯಂತ್ರಕ್ಕೆ ಒಂದೇ ಸೊನ್ನೆ, ಅದು ಹಾಲು ಎಂದೆ. ನಿನಗೆ ಗೊತ್ತಿರುವುದು ಎರಡು, ಅವೆರಡೂ ನಿನ್ನ ಹತ್ತಿರವೇ ಇರಲಿ ಎಂದು ಸಿಂಚನಾಳಿಗೆ ಹೇಳಿದೆ. ಮನೆಯಲ್ಲಿ ಹೊಡೆದು ಬಡಿದು ಸೊನ್ನೆ ತುಂಬಿಸುವುದು ಬೇಡ, ಹಿಂದಿನ ದಿನ ಬೇಗ ಮಲಗಿಸಿ, ಅವತ್ತು ಹೊಟ್ಟೆ ತುಂಬ ಉಣಿಸಿ ಕಳಿಸು, ಸಾಕು ಎಂದು ತಾಯಿಗೆ ಹೇಳಿದೆ. ಸುತ್ತೋಲೆಯ ನಾಲ್ಕು ಪುಟಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಸಿಂಚನಾ ಮಾತ್ರ ಕಾಲ್ಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದಳು. ನನ್ನ ಮಾತು ಅವಳಿಗೆ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಮರುದಿನ ತರಗತಿಯಲ್ಲೂ ಎಲ್ಲರೆದುರು ನನ್ನ ತಪ್ಪು ಒಪ್ಪಿಕೊಂಡೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳ ಕೈ ಆಗಲೂ ಮೇಲೇಳಲಿಲ್ಲ.

ಪರೀಕ್ಷೆಯ ದಿನ ಬೇರೆ ಕಡೆಯಿಂದ ಬಂದವರು ಪತ್ರಿಕೆ ಹಂಚಿದರು. ನಮ್ಮನ್ನು ಒಳಗೆ ಬಿಡಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಕೂತು, ನನಗೇ ಪರೀಕ್ಷೆಯಿರುವಂತೆ ಉಗುರು ಕಡಿದೆ. ಗಂಟೆ ಹೊಡೆಯಿತು. ಮಕ್ಕಳು ಹೊರಗೆ ನುಗ್ಗಿದರು. ಎಲ್ಲರ ಹಿಂದೆ ಸಿಂಚನಾ ಬಂದಳು, ಬೆರಳೆಲ್ಲ ಶಾಯಿ.

"ಹೆಂಗಿತ್ತಮ್ಮ?" ಎಂದೆ.

"ಎಲ್ಲ ಬರ್ದೆ ಮಿಸ್," ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಒಂದು ಪ್ರಶ್ನೆನೇ ತಪ್ಪೈತ್ರಿ," ಎಂದಳು.

ಅದು ಯಾವ ಪ್ರಶ್ನೆ, ನಿಜವಾಗಿಯೂ ತಪ್ಪಿತ್ತೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪತ್ರಿಕೆಗಳನ್ನು ಆಗಲೇ ಕಟ್ಟಿ ಒಯ್ದಿದ್ದರು. ಇರಬಹುದಮ್ಮ ಎಂದೆ. ಅವಳು ತಲೆಯಾಡಿಸಿ ಕೈ ತೊಳೆಯಲು ನಲ್ಲಿಯ ಕಡೆ ಓಡಿದಳು.