ಚಾಂದನಿಯ ಬಳಿ ಸದ್ದು ಮಾಡಿ ಹೋಗಬೇಕು

ಕೊರೊನಾ ಮುಗಿದು ಶಾಲೆಗಳ ಬಾಗಿಲು ಮತ್ತೆ ತೆರೆದ ವರ್ಷ ನಾನು ಬಸವನ ಬಾಗೇವಾಡಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕಿ. ಹೂವಿನ ಹಿಪ್ಪರಗಿ ಕಡೆಯ ಹಳ್ಳಿ ಎಂದಷ್ಟೇ ತಿಳಿದುಕೊಳ್ಳಿ. ಮನುಷ್ಯರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಕುದುರೆಯ ಹೆಸರನ್ನು ಬದಲಿಸಿಲ್ಲ, ಅದು ಜಗಳಕ್ಕೆ ಬರುವುದಿಲ್ಲ. ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ಕಲಿಸಿದವಳು ಮೊಮ್ಮಗಳು. ಅವಳಿಗೆ ಅಕ್ಷರ ಕಲಿಸುವಾಗ ನಾನು ಬೈದದ್ದಕ್ಕೆಲ್ಲ ಈಗ ಬಡ್ಡಿ ಸಮೇತ ಸೇಡು ತೀರಿಸಿಕೊಂಡಳು.

ಏಳನೇ ತರಗತಿಯಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಕೊರೊನಾದಲ್ಲಿ ತಾಯಿ ತೀರಿಕೊಂಡ ಮೇಲೆ ಮಾತು ನಿಲ್ಲಿಸಿದ್ದಳು. ಹಾಜರಿ ಕರೆದರೆ ಕೈ ಎತ್ತುವಳು, ಅಷ್ಟೇ. ವಿಜಯಪುರದ ಡಾಕ್ಟರು ಗಂಟಲು ನೋಡಿ, ಕಿವಿ ನೋಡಿ, "ಎಲ್ಲ ಸರಿ ಐತ್ರಿ, ಇದಕ್ಕ ಸೆಲೆಕ್ಟಿವ್ ಮ್ಯೂಟಿಸಮ್ ಅಂತಾರ" ಎಂದರು. ಮಾತು ಒಳಗೆ ಇದೆ, ಹೆದರಿಕೆ ಬಾಗಿಲು ಹಾಕಿದೆ ಎಂದು ಅದರ ಅರ್ಥ. ದೊಡ್ಡ ಊರುಗಳಲ್ಲಿ ಇಂಥ ಮಕ್ಕಳನ್ನು ಕುದುರೆಗಳ ಜೊತೆ ಬಿಟ್ಟು ಧೈರ್ಯ ತುಂಬುತ್ತಾರೆ, ಹಾಗೆ ಮಾಡುವುದಕ್ಕೆ ಥೆರಪಿ ಎನ್ನುತ್ತಾರೆ ಎಂದೂ ಹೇಳಿದರು.

ನಮ್ಮಲ್ಲಿ ಏಳನೇ ತರಗತಿಯ ನಂತರ ಬಸ್ಸು ಹತ್ತಿ ಬಾಗೇವಾಡಿಗೆ ಹೋಗಬೇಕು. ರೇಣುಕಾಳ ತಂದೆ ಶಿವಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ.

"ಮಾತಾಡದ ಹುಡಗಿನ್ನ ಬಸ್ಸಿನ್ಯಾಗ ಹ್ಯಾಂಗ ಕಳಸ್ಲಿರಿ ಅಕ್ಕೋರ? ಯಾರರ ಕೈ ಹಿಡಿದ್ರ ಒದರಾಕರ ಬರಬೇಕಲ್ಲ."

"ಮಾತಾಡಿದ್ರ ಕಳಸ್ತೀ?"

"ಮಾತಾಡ್ಲಿ. ಅವತ್ತಽ ನಾನಽ ಹೋಗಿ ಬಸ್ ಪಾಸ್ ಮಾಡಿಸ್ಕೊಂಡು ಬರ್ತೇನಿ."

ಆ ಮಾತನ್ನು ನಾನು ಸೆರಗಿಗೆ ಕಟ್ಟಿಕೊಂಡೆ.

ಊರಲ್ಲಿ ಒಂದೇ ಕುದುರೆ. ದಸ್ತಗೀರ ಕಾಕಾನ ಚಾಂದನಿ, ಬಿಳಿ ಹೆಣ್ಣುಕುದುರೆ. ವರನನ್ನು ಕುದುರೆಯ ಮೇಲೆ ಕೂರಿಸಿ ಹನುಮಪ್ಪನ ಗುಡಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಸುತ್ತಲಿನ ಮದುವೆಗಳಿಗೆಲ್ಲ ಇವಳೇ ಹೋಗುತ್ತಿದ್ದಳು. ನಾನು ಹೋಗಿ, "ಕಾಕಾ, ನಿನ್ನ ಕುದ್ರಿ ನನ್ನ ಸಾಲಿಗಿ ಬೇಕು" ಎಂದೆ.

"ಎಷ್ಟನೇ ಕ್ಲಾಸಿನ್ಯಾಗ ಹೆಸರು ಹಚ್ಚತೀರಿ ಅಕ್ಕೋರ? ಇಕಿಗಿ ಲೆಕ್ಕ ಬರೂದಿಲ್ಲ, ಡ್ಯಾನ್ಸ್ ಬರ್ತೈತಿ."

"ನನ್ನ ಸಾಲ್ಯಾಗ ಎರಡೂ ಬರದವರು ಅದಾರ ತಗೋ."

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಒಂದಷ್ಟು ಮಕ್ಕಳನ್ನು ಅವನ ಅಂಗಳಕ್ಕೆ ಕರೆದೊಯ್ಯತೊಡಗಿದೆ. ಕಾಕಾ ಸವಾರಿ ಕಲಿಸಲಿಲ್ಲ. ನೀರು ಕುಡಿಸುವುದು, ಮೈ ಉಜ್ಜುವುದು, ಗೊರಸಿನಲ್ಲಿ ಸಿಕ್ಕ ಕಲ್ಲು ತೆಗೆಯುವುದು, ಲದ್ದಿ ಬಾಚುವುದು, ಇಷ್ಟೇ. ತರಗತಿಯಲ್ಲಿ ಎಲ್ಲರ ಜಡೆ ಎಳೆಯುತ್ತಿದ್ದ ಸಂಗ್ಯಾ ಅಲ್ಲಿ ಕಾಲ ತುದಿಯಲ್ಲಿ ನಡೆಯುವುದನ್ನು ಕಲಿತ. ಅಷ್ಟು ದೊಡ್ಡ ಪ್ರಾಣಿ ತನ್ನ ಅಂಗೈಯಿಂದ ಕಡಲೆ ತಿಂದಾಗ ಅಂಜುಬುರುಕ ಮಕ್ಕಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಮೂವತ್ತು ವರ್ಷ "ನೆಟ್ಟಗ ಕೂಡ್ರಿ" ಎಂದು ಒದರಿ ನಾನು ಮಾಡಲಾಗದ್ದು ಅದು.

ಕಾಕಾನದು ಒಂದೇ ಕಾನೂನು. "ಹಿಂದಿಂದ ಸುಮ್ನ ಬರಬ್ಯಾಡ್ರಿ. ಅಕಿಗಿ ಹಿಂದ ಕಣ್ಣಿಲ್ಲ. ನಾ ಬರಾಕತ್ತೇನಿ ಅಂತ ಸಪ್ಪಳ ಮಾಡಿ ಬರ್ರಿ. ಇಲ್ಲಂದ್ರ ಹೆದರಿ ಒದಿತಾಳ."

ಉಳಿದ ಮಕ್ಕಳು "ಚಾಂದನೀ" ಎಂದು ಕೂಗುತ್ತ ಹೋಗುವರು. ರೇಣುಕಾ ಗೇಟಿನ ಬಳಿಯೇ ನಿಲ್ಲುವಳು. ಎರಡು ಶನಿವಾರ ಹಾಗೇ ನಿಂತಳು. ಮೂರನೆಯದಕ್ಕೆ ನಾಲಗೆಯನ್ನು ಅಂಗುಳಕ್ಕೆ ತಾಗಿಸಿ "ಟಕ್, ಟಕ್" ಎಂದಳು. ಚಾಂದನಿಯ ಒಂದು ಕಿವಿ ಹಿಂದಕ್ಕೆ ತಿರುಗಿತು. ರೇಣುಕಾ ಮುಂದೆ ಹೋಗಿ ಅದರ ಮೈ ಮುಟ್ಟಿದಳು. ಕಾಕಾ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ, ಕಣ್ಣಲ್ಲಿ ನೀರು ಬಂದರೆ ಮುಖ್ಯಾಧ್ಯಾಪಕಿಯ ಮರ್ಯಾದೆ ಏನಾಗಬೇಕು?

ಟಕ್ ಟಕ್ ಆದ ಮೇಲೆ "ಬಾ" ಬಂತು. ಅದರ ನಂತರ "ಚಾಂದನಿ". ದೀಪಾವಳಿ ಹೊತ್ತಿಗೆ ಕುದುರೆಯ ಕಿವಿಯಲ್ಲಿ ಪಿಸಪಿಸ ಕಥೆ ಹೇಳುತ್ತಿದ್ದಳು. ನಾವು ಹತ್ತಿರ ಹೋದರೆ ಬಾಯಿ ಮುಚ್ಚುತ್ತಿತ್ತು. ಏನು ಹೇಳುತ್ತಾಳೆ ಎಂದು ನಾನು ಕುದುರೆಯನ್ನೇ ಕೇಳಿದೆ. ಅದೂ ಬಾಯಿ ಬಿಡಲಿಲ್ಲ.

ಮಾಘದಲ್ಲಿ ಊರೊಳಗೇ ಒಂದು ಮದುವೆ. ಗಂಡಿನ ಕಡೆಯವರು ಸಿಂದಗಿಯವರು. ಕಾಕಾನ ಕೈಗೆ ಪೆಟ್ಟಾಗಿ ಬಟ್ಟೆ ಸುತ್ತಿತ್ತು, ಹಗ್ಗ ಹಿಡಿಯಲು ಆಗದು. ಅವನನ್ನೂ ರೇಣುಕಾಳನ್ನೂ ಬಿಟ್ಟರೆ ಚಾಂದನಿ ಬೇರೆ ಯಾರ ಮಾತನ್ನೂ ಕೇಳಳು. ಹೀಗಾಗಿ ಹಗ್ಗ ರೇಣುಕಾಳ ಕೈಗೆ ಬಂತು. ಗುಡಿಯ ತಿರುವಿನಲ್ಲಿ ಯಾರೋ ಉತ್ಸಾಹಿಗಳು ಪಟಾಕಿ ಸರ ಹಚ್ಚಿದರು. ಚಾಂದನಿ ಮುಂಗಾಲು ಎತ್ತಿದಳು. ಮೇಲಿದ್ದ ವರ ಬಾಸಿಂಗ ಬಿಟ್ಟು ಜೀನು ಹಿಡಿದುಕೊಂಡ. ಹಿಂದಿದ್ದ ಹೆಂಗಸರು ಆರತಿ ತಟ್ಟೆ ಸಮೇತ ಓಡಿದರು.

ಆಗ ಒಂದು ಧ್ವನಿ ಬ್ಯಾಂಡಿನ ಮೇಲೆ ಎದ್ದಿತು.

"ಬ್ಯಾಂಡ ಬಂದ್ ಮಾಡ್ರಿ! ಹಿಂದ ಸರೀರಿ ಎಲ್ಲಾರೂ! ಚಾಂದನಿ, ಅಂಜಬ್ಯಾಡ, ನಾ ಇದ್ದೇನಿ, ನಾ ಇಲ್ಲೇ ಇದ್ದೇನಿ!"

ಬ್ಯಾಂಡು ನಿಂತಿತು. ಕುದುರೆಯೂ ನಿಂತಿತು. ಊರಿಗೆ ಊರೇ ಆ ಹುಡುಗಿಯ ಬಾಯಿ ನೋಡುತ್ತ ನಿಂತಿತು. ಶಿವಪ್ಪ ಗುಡಿಯ ಕಟ್ಟೆಯ ಮೇಲೆ ಕುಳಿತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಸಿಂದಗಿಯ ಬೀಗರಲ್ಲಿ ಒಬ್ಬಾಕೆ ನನ್ನ ಪಕ್ಕದಲ್ಲೇ ಇದ್ದಳು. "ಯಾರ ಮಗಳರಿ ಇಕಿ? ಧ್ವನಿ ಗಂಟಿ ಬಾರಿಸಿದಂಗ ಐತಿ" ಎಂದಳು. ನಾನು ಹೆಮ್ಮೆಯಿಂದ, "ನಮ್ಮ ಸಾಲಿ ಹುಡಗಿ" ಎಂದೆ.

ಒಂದು ವಾರ ಕಳೆದು ಶಿವಪ್ಪ ಪೇಡೆಯ ಡಬ್ಬಿ ಹಿಡಿದು ಶಾಲೆಗೆ ಬಂದ. ನಾನು ನಗುತ್ತ, "ಬಸ್ ಪಾಸ್ ಆತೇನೋ?" ಎಂದೆ.

"ಪಾಸ್ ಯಾಕ್ರಿ ಅಕ್ಕೋರ? ಸಂಬಂಧಽ ಬಂದೈತಿ. ಸಿಂದಗಿಯವರು ಮದವ್ಯಾಗ ನೋಡಿದ್ರಂತ. ಇಷ್ಟು ದಿನ ಮೂಕಿ ಅಂತ ಯಾರೂ ನಮ್ಮ ಮನಿ ಹೊಸ್ತಿಲ ತುಳಿದಿದ್ದಿಲ್ಲ. ಎಲ್ಲಾ ನಿಮ್ಮ ಪುಣ್ಯಾ. ಅದಕ್ಕಽ ಮೊದಲ ಪೇಡೆ ನಿಮಗ."

ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ. ಅವನ ಮುಖದಲ್ಲಿ ಕೆಟ್ಟತನ ಹುಡುಕಿದೆ, ಸಿಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಇದ್ದದ್ದು ಬರೀ ಸಂತೋಷ.

"ಇನ್ನೂ ಸಣ್ಣಾಕಿ ಅದಾಳೋ. ನೀ ಸಾಲಿಗಿ ಕಳಸ್ತೇನಿ ಅಂದಿದ್ದಿ."

"ಆವಾಗ ಅಕಿಗಿ ಸಾಲಿ ಬಿಟ್ರ ಬ್ಯಾರೆ ದಾರಿ ಇದ್ದಿದ್ದಿಲ್ಲರಿ."

ನಾನು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಅಧಿಕಾರಿಗಳು ಬಂದರು, ಒಳ್ಳೆಯ ಜನ. ನನ್ನ ಕೋಣೆಯಲ್ಲೇ ಎಲ್ಲರನ್ನೂ ಕೂರಿಸಿದರು. ಬರೀ ಮಾತುಕತೆ, ಲಗ್ನ ಇಲ್ಲ ಎಂದು ಮನೆಯವರು ಹೇಳಿದರು. ಆ ಅಧಿಕಾರಿ ಹೆಣ್ಣುಮಗಳು ರೇಣುಕಾಳನ್ನು ಕೇಳಿದಳು, "ನಿನಗ ಓದಬೇಕಂತ ಐತೇನವ್ವ? ಅಂಜದ ಹೇಳು." ಮಗುವನ್ನು ಬೇರೆಯಾಗಿ ಕೇಳಿ ಎಂದು ನಾನು ಅಂದೆ. ಶಿವಪ್ಪ ಕದಲಲಿಲ್ಲ, ಅವನ ಅಣ್ಣ ಬಾಗಿಲು ತುಂಬ ನಿಂತಿದ್ದ.

ರೇಣುಕಾ ತಂದೆಯ ಕುರ್ಚಿಯ ಹಿಂದೆ ನಿಂತಿದ್ದಳು. ನೆಲ ನೋಡಿದಳು. ಅವನ ಬೆನ್ನು ನೋಡಿದಳು. ಆಮೇಲೆ ಬಹಳ ಮೆಲ್ಲಗೆ, "ಟಕ್, ಟಕ್."

ಅಧಿಕಾರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನಾ ಬರುತ್ತಿದ್ದೇನೆ, ಒದೆಯಬೇಡ ಎಂದು ಅವಳು ಕೇಳುತ್ತಿದ್ದಳು.

ಶಿವಪ್ಪ ಹಿಂದಕ್ಕೆ ತಿರುಗಿ ನೋಡಿದ. ಗದರಲಿಲ್ಲ, ಕೈ ಎತ್ತಲಿಲ್ಲ, ನೋಡಿದ ಅಷ್ಟೇ. "ಕುದ್ರಿ ಜೋಡಿ ಇದ್ದು ರೂಢಿ ಆಗೇತ್ರಿ" ಎಂದು ನಕ್ಕ. ರೇಣುಕಾಳ ಬಾಯಿ ಮುಚ್ಚಿತು.

ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡರು. ಬೇಸಿಗೆ ರಜೆಯಲ್ಲಿ ಮುದ್ದೇಬಿಹಾಳದ ಕಡೆ ಯಾರದೋ ತೋಟದಲ್ಲಿ ಲಗ್ನ ಆಗಿಹೋಯಿತು. ಸುದ್ದಿ ತಿಳಿದು ನಾನೂ ಅಧಿಕಾರಿಗಳೂ ಹೋಗುವ ಹೊತ್ತಿಗೆ ಹಂದರದ ಬಿದಿರು ಬಿಚ್ಚುತ್ತಿದ್ದರು. ಬ್ಯಾಂಡು ಇರಲಿಲ್ಲವಂತೆ, ಕುದುರೆಯೂ ಇರಲಿಲ್ಲವಂತೆ. ದೂರು ಕೊಟ್ಟೆ. ವಿಚಾರಣೆಗೆ ಹೋದವರಿಗೆ ಪ್ರತಿ ಸಲವೂ ಹುಡುಗಿ ಊರಲ್ಲಿಲ್ಲ ಎಂಬ ಉತ್ತರ ಸಿಕ್ಕಿತು. ಅಷ್ಟರಲ್ಲಿ ನನ್ನ ನಿವೃತ್ತಿ ಬಂತು. ಶಾಲು ಹೊದಿಸಿ, ನೂರಾರು ಮಕ್ಕಳ ಬಾಳು ಬೆಳಗಿದವರು ಎಂದರು. ನಾನು ಒಂದನ್ನು ಎಣಿಸುತ್ತ ಕುಳಿತಿದ್ದೆ.

ಹೋದ ತಿಂಗಳು ಇಂಡಿಗೆ ಹೋಗಲು ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮುಂದೆ ಒಬ್ಬ ಹೆಣ್ಣುಮಗಳು, ಕಂಕುಳಲ್ಲಿ ಕೂಸು. ನಿಲುವು ನೋಡಿದ ಕೂಡಲೇ ಗುರುತು ಹತ್ತಿತು. ಹೆಗಲು ಮುಟ್ಟಬೇಕೆಂದವಳು ತಡೆದು, ನಾಲಗೆಯಲ್ಲಿ ಟಕ್ ಟಕ್ ಎಂದೆ.

ಅವಳು ತಿರುಗಿದಳು. ನಮಸ್ಕಾರ ಇಲ್ಲ, ಅಳು ಇಲ್ಲ. ತುಟಿ ಅಲುಗಿದ್ದಷ್ಟೇ ಕಂಡಿತು.

"ಚಾಂದನಿ ಹ್ಯಾಂಗದಾಳ್ರಿ?"

ಈಗ ವರರು ಹೂ ಕಟ್ಟಿದ ಕಾರಿನಲ್ಲಿ ಗುಡಿಗೆ ಹೋಗುತ್ತಾರೆ. ಚಾಂದನಿಯನ್ನು ಕಾಕಾ ಸೊಲ್ಲಾಪುರದ ಕಡೆಯವರಿಗೆ ಮಾರಿ ವರ್ಷವಾಗಿದೆ.

"ಆರಾಮ ಅದಾಳವ್ವ" ಎಂದೆ.

ತಲೆ ಆಡಿಸಿದಳು. ಅತ್ತೆ ಇರಬೇಕು, ಬಸ್ಸಿನ ಬಾಗಿಲಿಂದ ಯಾರೋ ಕರೆದರು. ಹೋದಳು. ಕಿಟಕಿ ಪಕ್ಕ ಕುಳಿತರೂ ಹೊರಗೆ ನೋಡಲಿಲ್ಲ.

ಮಗುವಿನ ಬಾಯಿ ಬಿಡಿಸಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡೇ ಮೂವತ್ತು ವರ್ಷ ದುಡಿದೆ. ಅದು ಅರ್ಧ ಕೆಲಸ. ಆ ಮಾತು ಯಾರ ಮುಂದೆ ಬೀಳುತ್ತದೋ ಅವರಿಗೆ ಕೇಳಿಸಿಕೊಳ್ಳಲು ಕಲಿಸುವುದು ಉಳಿದರ್ಧ. ಅವರು ಯಾರೂ ನನ್ನ ಶಾಲೆಗೆ ಹೆಸರು ಹಚ್ಚಿರಲಿಲ್ಲ. ಸದ್ದು ಕೇಳಿ ಕಿವಿ ತಿರುಗಿಸಿದ್ದು ಊರಿನಲ್ಲಿ ಅದೊಂದೇ ಕುದುರೆ, ಅದೂ ಈಗ ಇಲ್ಲ.