ಒಂದು ದಿನ ಹಿಂದೆ ಬಿದ್ದ ಚಂದ್ರ

ಬಾಯೊಳಗಿನ ಫೋಟೋ ತೆಗೆಯಲೆಂದು ಕೊಂಡ ಕ್ಯಾಮೆರಾ ನನ್ನದು. ಲೆನ್ಸಿನ ಸುತ್ತ ಬಳೆಯಂತೆ ಲೈಟು ಇರುವುದರಿಂದ ಹಲ್ಲಿನ ಮೇಲಿನ ಕೂದಲೆಳೆಯಂಥ ಬಿರುಕು ಕೂಡ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ಕೊಪ್ಪದ ನನ್ನ ಕ್ಲಿನಿಕ್ಕಿನಲ್ಲಿ ರೋಗಿಗಳಿರುವಷ್ಟು ಹೊತ್ತು ಅದು ಹಲ್ಲು ನೋಡುತ್ತದೆ, ಬಿಡುವಾದಾಗ ವಾಚು ನೋಡುತ್ತದೆ. ದಿನಕ್ಕೆರಡು ಸಲ ಹಲ್ಲುಜ್ಜುತ್ತೇನೆ ಎಂದು ಆಣೆ ಇಡುವವರ ಬಾಯನ್ನೇ ಇಷ್ಟು ವರ್ಷ ನೋಡಿದವಳು ನಾನು. ಯಾರ ಮಾತನ್ನೂ ಹಾಗೇ ನಂಬುವ ಅಭ್ಯಾಸ ಯಾವತ್ತೋ ಬಿಟ್ಟುಹೋಗಿದೆ.

ಗಂಟೆ, ನಿಮಿಷ ತೋರಿಸುವುದರ ಮೇಲೆ ವಾಚು ಮಾಡುವ ಪ್ರತಿಯೊಂದು ಹೆಚ್ಚಿನ ಕೆಲಸಕ್ಕೂ ವಾಚಿನವರು ಕಾಂಪ್ಲಿಕೇಷನ್ ಎನ್ನುತ್ತಾರೆ. ನಮ್ಮ ವೃತ್ತಿಯಲ್ಲಿ ಆ ಶಬ್ದ ಕೇಳಿದರೆ ರೋಗಿಯ ಮನೆಯವರ ಮುಖ ಬಿಳುಚಿಕೊಳ್ಳುತ್ತದೆ. ವಾಚಿನವರಿಗೆ ಅದು ಹೆಚ್ಚಿದಷ್ಟೂ ಹೆಮ್ಮೆ. ನನ್ನ ಹತ್ತಿರ ಇರುವುದರಲ್ಲೆಲ್ಲ ನನಗೆ ಪ್ರಾಣವಾದ ವಾಚು ತಾರೀಖು, ವಾರ, ತಿಂಗಳು, ಅಧಿಕ ವರ್ಷ ಎಲ್ಲವನ್ನೂ ತಾನೇ ನೆನಪಿಟ್ಟುಕೊಳ್ಳುತ್ತದೆ. ಮುಖದ ಕೆಳಭಾಗದಲ್ಲಿ ಒಂದು ಪುಟ್ಟ ಕಿಟಕಿ, ಅದರೊಳಗೆ ಎಡದಿಂದ ಬಲಕ್ಕೆ ಸರಿಯುವ ಚಿನ್ನದ ಚಂದ್ರ. ವಾಚು ನಿಂತುಹೋದರೆ ಪಕ್ಕದಲ್ಲಿರುವ ಗುಂಡಿಯನ್ನು ಸೂಜಿಯಂಥ ಕಡ್ಡಿಯಿಂದ ಒತ್ತಿ ಚಂದ್ರನನ್ನು ಮತ್ತೆ ಅವನ ಜಾಗಕ್ಕೆ ತರಬೇಕು. ನಾನು ಪಂಚಾಂಗ ನೋಡಿ, ಅಮಾವಾಸ್ಯೆಗೆ ಅವನನ್ನು ಪೂರ್ತಿ ಮರೆಮಾಡಿ, ಅಲ್ಲಿಂದ ದಿನಕ್ಕೊಂದು ಸಲ ಒತ್ತುತ್ತಾ ಬರುತ್ತೇನೆ. ನನ್ನ ದುಡಿಮೆಯಲ್ಲಿ ಕೊಂಡ ವಾಚು ಅದು. ಅದರ ನಿಜವಾದ ಬೆಲೆ ಮನೆಯವರಿಗೆ ಇನ್ನೂ ಹೇಳಿಲ್ಲ.

ಅಂಥದ್ದೇ ಇನ್ನೊಂದು ವಾಚು ಇರುವುದು ಎನ್.ಆರ್.ಪುರದ ಸಾಹೇಬರ ಹತ್ತಿರ. ಅವರು ಕಾಳುಮೆಣಸಿನ ವ್ಯಾಪಾರಿ. ದವಡೆ ಹಲ್ಲು ನೋವೆಂದು ಬಂದು ಕುರ್ಚಿಯಲ್ಲಿ ಮಲಗಿದಾಗ ದೀಪದ ಬೆಳಕು ಅವರ ಮಣಿಕಟ್ಟಿನ ಮೇಲೆ ಬಿತ್ತು. ಬಾಯಿ ತೆರೆಯಿರಿ ಅನ್ನುವ ಬದಲು ಕೈ ತೋರಿಸಿ ಅಂದೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲೂಕು ಜಾಲಾಡಿದರೂ ಈ ಹುಚ್ಚು ಹಿಡಿದವರು ನಾವಿಬ್ಬರೇ ಸಿಗುವುದು. ಉಳಿದವರಿಗೆ ಎಂಥ ವಾಚು ತೋರಿಸಿದರೂ ಒಮ್ಮೆ ತಲೆಯಾಡಿಸಿ, ಗಂಟೆ ನೋಡಲು ಮೊಬೈಲ್ ತೆಗೆಯುತ್ತಾರೆ. ಕೊಪ್ಪಕ್ಕೆ ಬಂದಾಗಲೆಲ್ಲ ಸಾಹೇಬರು ತಮ್ಮ ವಾಚನ್ನು ಬಿಚ್ಚಿ ನನ್ನ ಟ್ರೇಯಲ್ಲಿಟ್ಟು, "ಫೋಟೋ ತೆಗೀರಿ ಡಾಕ್ಟ್ರೇ" ಎಂದು ಹೇಳಿ ಪೇಟೆ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಸಂಜೆ ಬಂದು ಕಟ್ಟಿಕೊಂಡು ಹೋಗುವರು. ಆ ನಡುವೆ ಅದಕ್ಕೆ ಏನಾಯಿತು ಎಂದು ಒಂದು ದಿನವೂ ಕೇಳಿದವರಲ್ಲ.

ಯಾರ ವಾಚಿನ ಮುಖ ಹೆಚ್ಚು ಬಿಳಿ ಎಂಬುದು ನಮ್ಮ ಮುಗಿಯದ ಜಗಳ. ನನ್ನದು ಹಾಲಿನ ಬಿಳಿ, ಅವರದು ಕೆನೆಯ ಬಿಳಿ ಎಂದು ನನ್ನ ವಾದ. ನಿಮ್ಮ ಲೈಟೇ ಸುಳ್ಳು ಹೇಳ್ತದೆ ಎಂದು ಅವರ ವಾದ. ಈ ಚಳಿಗಾಲದಲ್ಲಿ ಒಂದು ಮಾತು ಹೇಳಿದರು: "ಸ್ವಲ್ಪ ದಿನ ನಿಮ್ಮದನ್ನ ನನ್ನ ಹತ್ರ ಬಿಡಿ. ಮೆಣಸು ಒಣಗಿಸೋ ತಾರಸಿ ಮೇಲೆ, ಬಿಸಿಲಲ್ಲಿ, ಎರಡನ್ನೂ ಒಟ್ಟಿಗೆ ಇಟ್ಟು ತೆಗೀತೇನೆ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆದರೆ ಕೊಡುವ ಮೊದಲು ವಾಚನ್ನು ಒಳಗೆ ತೆಗೆದುಕೊಂಡು ಹೋಗಿ ಮುಖ, ಅಂಚು, ಪಟ್ಟಿಯ ಕೊಂಡಿ, ಒಂದೊಂದು ಗೀರನ್ನೂ ಫೋಟೋ ತೆಗೆದೆ. ಹಿಂಬದಿ ತಿರುಗಿಸುವಷ್ಟರಲ್ಲಿ ಕೆನ್ನೆ ಊದಿಸಿಕೊಂಡ ರೋಗಿಯೊಬ್ಬರು ಬಂದರು. ಅದೊಂದು ಬಾಕಿಯಾಯಿತು. ಸಾಹೇಬರಿಗೆ ಇದೇನೂ ಗೊತ್ತಾಗಲಿಲ್ಲ.

ವಾರಕ್ಕೊಮ್ಮೆ ನಾನು ಶೃಂಗೇರಿಯಲ್ಲೂ ರೋಗಿಗಳನ್ನು ನೋಡುತ್ತೇನೆ. ಕೆಲವು ದಿನಗಳ ನಂತರ ಸಾಹೇಬರು ವಾಚನ್ನು ಅಲ್ಲಿಗೇ ತಂದು, ಕರವಸ್ತ್ರದಲ್ಲಿ ಸುತ್ತಿದ್ದನ್ನು ಕೈಗಿಟ್ಟು ಹೊರಟರು. ಮನೆಗೆ ಬಂದು ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಗೀರುಗಳು ಇದ್ದಲ್ಲೇ ಇದ್ದವು. ಹಿಂಬದಿಯ ನಂಬರನ್ನು ಬಿಲ್ಲಿನ ಜೊತೆ ಹೋಲಿಸಿದೆ, ಅದೂ ನನ್ನದೇ. ಗಂಟೆ, ತಾರೀಖು ಎಲ್ಲ ಸರಿ. ಆದರೆ ಅಂದು ಹುಣ್ಣಿಮೆ. ನನ್ನ ಚಂದ್ರ ಕಿಟಕಿಯ ನಟ್ಟನಡುವೆ ನಿಂತಿರಬೇಕಿತ್ತು. ಅವನು ಇನ್ನೂ ಎಡಕ್ಕೇ ವಾಲಿಕೊಂಡಿದ್ದ, ಸುಮಾರು ಒಂದು ದಿನದಷ್ಟು ಹಿಂದೆ.

ಸಾಹೇಬರ ವಾಚು ಇತ್ತೀಚೆಗೆ ನಿಧಾನವಾಗಿ ಓಡುತ್ತದೆಂದು ಅವರೇ ಹೇಳಿದ್ದರು. ನನ್ನದು ಚೆನ್ನಾಗಿ ಓಡುತ್ತದೆ. ಹೊರಗಿನ ಚಿಪ್ಪು ನನ್ನದೇ ಇಟ್ಟು ಒಳಗಿನ ಯಂತ್ರವನ್ನು ಬದಲಾಯಿಸಿದ್ದರೆ? ಹೊರಗೆ ಚಿನ್ನದ ಕ್ಯಾಪು, ಒಳಗೆ ಹುಳುಕು, ಇದನ್ನು ದಿನಾ ನೋಡುವವಳಿಗೆ ಈ ಯೋಚನೆ ಬರಲು ಕಷ್ಟವೇನಿಲ್ಲ. ಹಿಂಬದಿಯ ಒಂದು ಸ್ಕ್ರೂ ಮೇಲೆ ಸಣ್ಣ ಹೊಳಪು ಕಂಡಿತು. ಅದು ಹಳೆಯದೋ ಹೊಸದೋ ಹೇಳಲು ನನ್ನ ಹತ್ತಿರ ಇದ್ದ ಫೋಟೋಗಳಲ್ಲಿ ಹಿಂಬದಿಯೇ ಇರಲಿಲ್ಲ.

"ಚಂದ್ರ ಒಂದು ದಿನ ಆಚೀಚೆ ಆದ ಅಂತ ಪೊಲೀಸ್ ಕಂಪ್ಲೇಂಟ್ ಕೊಡ್ತೀಯಾ ಎಂತ ಮಾರಾಯ್ತಿ?" ಎಂದರು ಮನೆಯವರು.

"ಯಾರೂ ಕೈ ಹಾಕದೆ ಚಂದ್ರ ಹಿಂದೆ ಹೋಗಲ್ಲ," ಅಂದೆ.

ಒಮ್ಮೆ ಹುಳ ಹೊಕ್ಕಿತೆಂದರೆ ಆಯಿತು. ಕೊಪ್ಪದ ಕ್ಲಿನಿಕ್ ಬಿಟ್ಟು ಶೃಂಗೇರಿಗೇ ಯಾಕೆ ತಂದುಕೊಟ್ಟರು? ರೋಗಿಗಳ ಮುಂದೆ ನಾನು ತಿರುಗಿಸಿ ನೋಡಲಾರೆ ಎಂದೇ? ಒಂದು ಲೋಟ ಕಾಫಿಗೂ ನಿಲ್ಲದೆ ಹೋದದ್ದೇಕೆ? ಕೊನೆಗೆ ಅವರು ಹಬ್ಬಕ್ಕೆ ಕಳಿಸುವ ಖರ್ಜೂರದ ಡಬ್ಬಿಯ ಮೇಲೂ ನನಗೆ ಅನುಮಾನ ಬಂತು. ವಾಚಿಗಿಂತ ಹೆಚ್ಚಾಗಿ ಇನ್ನೊಂದು ಸಂಕಟವಾಗುತ್ತಿತ್ತು. ಇದು ನಿಜವಾದರೆ ಇನ್ನು ಮೇಲೆ ನಾನು ಯಾರ ಹತ್ತಿರ ಹಾಲಿನ ಬಿಳಿ, ಕೆನೆಯ ಬಿಳಿ ಎಂದು ಜಗಳವಾಡಲಿ?

ಭಾನುವಾರ ಎನ್.ಆರ್.ಪುರಕ್ಕೆ ಹೋದೆ. ಸಾಹೇಬರು ತಾರಸಿಯ ಮೇಲೆ ಮೆಣಸಿನಲ್ಲಿ ಕೈಯಾಡಿಸುತ್ತಿದ್ದರು. ಅವರ ವಾಚು ತೋರಿಸಿ ಎಂದು ಕೇಳಿ, ಎರಡನ್ನೂ ಅಕ್ಕಪಕ್ಕ ಇಟ್ಟೆ. ಎರಡು ಚಂದ್ರರೂ ಒಂದೇ ಜಾಗದಲ್ಲಿದ್ದರು. ಎರಡನ್ನೂ ಒಂದೇ ಕೈ ಮುಟ್ಟಿದೆ ಎಂದು ಅನುಮಾನ ಇನ್ನಷ್ಟು ಗಟ್ಟಿಯಾಯಿತು.

"ಸಾಹೇಬ್ರೇ, ನನ್ನ ವಾಚಿನ ಹಿಂಬದಿ ಬಿಚ್ಚಿಸಿದ್ರಾ?"

ಅವರು ಕೈಗೆ ಹತ್ತಿದ ಮೆಣಸಿನ ಧೂಳನ್ನು ಒರೆಸಿಕೊಂಡರು. "ಇಲ್ವಲ್ಲ. ಯಾಕೆ?"

ಮೊಬೈಲಿಗೆ ಹಾಕಿಕೊಂಡು ಬಂದಿದ್ದ ಫೋಟೋಗಳಲ್ಲಿ ಎರಡನ್ನು ತೆರೆದು, ಪಂಚಾಂಗದ ಲೆಕ್ಕ ಹೇಳಿ, ಚಂದ್ರ ಎಲ್ಲಿರಬೇಕಿತ್ತು, ಈಗ ಎಲ್ಲಿದ್ದಾನೆ ಎಂದು ತೋರಿಸಿದೆ.

"ಅದಾ," ಎಂದರು. "ಬೇರೆಯವರ ವಾಚು ನಾವು ಕಟ್ಟಿಕೊಂಡು ತಿರುಗೋದು ಸರಿಯಲ್ಲ ಅಂತ ಕಪಾಟಿನಲ್ಲಿಟ್ಟಿದ್ದೆ. ಕೈಯ ಅಲುಗಾಟ ಇಲ್ದೆ ನಿಂತುಹೋಯ್ತು. ನಿಂತ ವಾಚು ವಾಪಸ್ ಕೊಡೋದು ಹೇಗೆ ಅಂತ ನಾನೇ ಎಲ್ಲಾ ಸರಿ ಮಾಡ್ದೆ."

"ಚಂದ್ರನ್ನ?"

"ಅವನನ್ನೂ. ಚಂದ್ರ ಕಂಡ ದಿನದಿಂದ ಎಣಿಸಿದ್ದೇನೆ."

"ಅಮಾವಾಸ್ಯೆಯಿಂದ ಅಲ್ವಾ ಎಣಿಸೋದು?"

"ಅಮಾವಾಸ್ಯೆ ದಿನ ಎಂತ ಕಾಣ್ತದೆ ಡಾಕ್ಟ್ರೇ? ನಮಗೆ ತಿಂಗಳು ಶುರುವಾಗೋದು ಕಣ್ಣಿಗೆ ಕಂಡ ಮೇಲೆ."

ಅಷ್ಟೇ ವಿಷಯ. ನನ್ನ ಚಂದ್ರ ಪಂಚಾಂಗದ ಪುಟದಿಂದ ಹೊರಟವನು, ಅವರ ಚಂದ್ರ ತಾರಸಿಯಿಂದ ಹೊರಟವನು. ಒಂದು ದಿನದ ವ್ಯತ್ಯಾಸ ಬರದೆ ಹೋದರೆ ಅದೇ ಆಶ್ಚರ್ಯ. ನನಗೆ ನಗು ಬಂತು, ಎದೆಯ ಮೇಲಿನ ಭಾರ ಇಳಿಯಿತು. ನಾನು ನಗುತ್ತಿರುವಾಗಲೇ ಅವರು ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡು ಹಳೆಯ ಫೋಟೋಗಳನ್ನು ಬೆರಳಿನಿಂದ ಸರಿಸತೊಡಗಿದ್ದರು. ಅಂಚು. ಕೊಂಡಿ. ಗೀರು. ಇನ್ನೊಂದು ಗೀರು. ಅದೇ ಗೀರು ಇನ್ನೂ ಹತ್ತಿರದಿಂದ.

"ಇದೆಲ್ಲ ನನಗೆ ಕೊಡೋ ಮೊದಲು ತೆಗೆದದ್ದಾ?"

ಹೌದು ಎಂದೆ.

"ಚೆನ್ನಾಗಿ ಬಂದಿದೆ," ಎಂದು ಮೊಬೈಲ್ ವಾಪಸ್ ಕೊಟ್ಟರು. ಚಹಾ ತರಿಸಿದರು. ಯಾವಾಗಿನಂತೆ ಕೆನೆ ಬಿಳಿಯ ಜಗಳವನ್ನೂ ಆಡಿದರು. ನನಗೇ ಆ ಜಗಳದಲ್ಲಿ ರುಚಿ ಸಿಗಲಿಲ್ಲ.

ಆಮೇಲೆ ಅವರು ಕೊಪ್ಪಕ್ಕೆ ಬಂದದ್ದು ಮೊನ್ನೆ ಮೊನ್ನೆ. ಅಭ್ಯಾಸದಂತೆ ವಾಚು ಬಿಚ್ಚಿ ಟ್ರೇಯಲ್ಲಿಟ್ಟರು. ಪೇಟೆಗೆ ಹೊರಡುವ ಬದಲು ಜೇಬಿನಿಂದ ಮೊಬೈಲ್ ತೆಗೆದರು. ಮುಖದ್ದೊಂದು, ಎರಡೂ ಅಂಚಿನದು, ಕೊಂಡಿಯದು, ಒಂದೊಂದೇ ಫೋಟೋ ತೆಗೆದು ವಾಚನ್ನು ಮಗುಚಿ ಹಾಕಿದರು.

"ತಪ್ಪು ತಿಳ್ಕೋಬೇಡಿ. ನಿಮ್ಮ ಕ್ರಮ ಒಳ್ಳೇದು ಅನ್ನಿಸ್ತು," ಎಂದರು. ದನಿಯಲ್ಲಿ ಕೊಂಕು ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಅವರು ಬಗ್ಗಿ, ಹಿಂದೆ ಸರಿದು, ಮತ್ತೆ ಬಗ್ಗಿದರು. "ಸ್ಕ್ರೂ ಸರಿಯಾಗಿ ಬರ್ತಾ ಇಲ್ಲ ಡಾಕ್ಟ್ರೇ. ನನ್ನ ನೆರಳೇ ಬೀಳ್ತದೆ."

ಕುರ್ಚಿಯ ಮೇಲಿನ ದೊಡ್ಡ ದೀಪವನ್ನು ಎಳೆದು, ಅವರಿಗೆ ಪ್ರತಿಯೊಂದು ಸ್ಕ್ರೂ ಕಾಣುವ ಹಾಗೆ ನಾನೇ ಹಿಡಿದು ನಿಂತೆ.