ಕೋಣಕ್ಕೆ ಹಚ್ಚುವ ಎಣ್ಣೆ

ಮಿಜಾರಿನ ಹತ್ತಿರ, ನಮ್ಮ ಶಾಲೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ ಹೋದರೆ, ಒಬ್ಬ ಬ್ಯಾರಿ ಹಿರಿಯರ ಕುದುರೆ ಲಾಯ ಸಿಗುತ್ತದೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ಕುದುರೆ ಪಳಗಿಸಿ ಊರಿಗೆ ಬಂದವರು. ಅಂಗಡಿ ಇಡಿ ಎಂದು ನೆಂಟರೆಲ್ಲ ಹೇಳಿದರೂ ಕೇಳದೆ, ಕೆಂಪು ಮುರಕಲ್ಲಿನ ಬಯಲಿಗೆ ಬೇಲಿ ಹಾಕಿ ಎರಡು ಕುದುರೆ ತಂದರು. ನಾನು ಅವರನ್ನು ಕಾಕ ಎನ್ನುತ್ತೇನೆ, ಅವರಿಗೆ ನಾನು ಟೀಚರ್. ನಲವತ್ತಾರನೆಯ ವಯಸ್ಸಿನಲ್ಲಿ, ಸೊಂಟನೋವಿಗೆ ಬೆಲ್ಟು ಕಟ್ಟಿಕೊಳ್ಳಬೇಕಾದ ಕಾಲದಲ್ಲಿ, ಸವಾರಿ ಕಲಿಯಲು ಹೊರಟವಳು ನಾನು.

ಎರಡರಲ್ಲಿ ಕಪ್ಪಿನದು ಬೀಜ ತೆಗೆಸಿದ ಗಂಡು. ಸೋಮವಾರ ಹೇಗೋ ಶನಿವಾರವೂ ಹಾಗೆ. ಯಾರು ಹತ್ತಿದರೂ ಸರಿ, ತಪ್ಪಾಗಿ ಲಗಾಮು ಎಳೆದರೂ ಸರಿ, ಹೇಳಿದ ಕಡೆ ಹೋಗುತ್ತದೆ. ಬೀಜ ತೆಗೆಸದ ಗಂಡಾದರೆ ಒಂದು ಕ್ಷಣ ಮೈಮರೆಯುವ ಹಾಗಿಲ್ಲ, ಹತ್ತಿರ ಹೆಣ್ಣಿದ್ದರಂತೂ ನೀವು ಬೆನ್ನ ಮೇಲಿರುವುದೇ ಅದಕ್ಕೆ ಮರೆತುಹೋಗುತ್ತದೆ ಎಂದು ಕಾಕ ಹೇಳುತ್ತಿದ್ದರು. ಕೆಂಪಿನದು ಹೆಣ್ಣು. ಎರಡೇ ಸಲಕ್ಕೆ ಪಾಠ ಕಲಿಯುವ ಜಾತಿ. ಆದರೆ ನಾನು ಶಾಲೆಯ ಸಿಟ್ಟನ್ನು ಹೊತ್ತುಕೊಂಡು ಬಂದ ದಿನ ನಿಂತಲ್ಲಿಂದ ಕದಲುತ್ತಿರಲಿಲ್ಲ. ಬೆದೆಗೆ ಬಂದ ದಿನಗಳಲ್ಲಿ ಮೈ ಮುಟ್ಟಿದರೆ ಬಾಲ ಬೀಸುತ್ತಿತ್ತು.

“ಗಂಡಿಗೆ ಹೇಳಿದರೆ ಆಯ್ತು ಟೀಚರೇ. ಇವಳ ಹತ್ತಿರ ಒಪ್ಪಿಗೆ ತೆಗೊಳ್ಬೇಕು. ಒಮ್ಮೆ ಒಪ್ಪಿದಳಾ, ಮತ್ತೆ ನಿಮ್ಮನ್ನು ಬಿಟ್ಟುಕೊಡುವುದಿಲ್ಲ,” ಎನ್ನುತ್ತಿದ್ದರು ಕಾಕ. ಕೇಳಿಸಿಕೊಂಡೆ, ಅಷ್ಟೆ. ಮಕ್ಕಳಿಗೆ ಗಮನವಿಟ್ಟು ಕೇಳಿ ಎನ್ನುವವರ ಕಿವಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು.

ಹೋದ ಮಾರ್ಚಿನಲ್ಲಿ ಕಾಕ ಮೊಣಕಾಲಿನ ಚಿಕಿತ್ಸೆಗೆಂದು ಕಲ್ಲಡ್ಕದ ಮಗಳ ಮನೆಯಲ್ಲಿ ಹತ್ತು ದಿನ ಉಳಿದರು. ಬೆಳಗ್ಗೆ ಸಂಜೆ ಕುದುರೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು. ನನ್ನನ್ನೇ ನಂಬಲು ಅವರಿಗೆ ಕಾರಣವೂ ಇತ್ತು. “ಕಂಬಳದ ಮನೆಯವರು ನೀವು. ಪ್ರಾಣಿ ಸಾಕುವುದು ನಾನು ಹೇಳಿಕೊಡ್ಬೇಕಾ?”

ಕಂಬಳದ ಮನೆ ಹೌದು. ಆದರೆ ನಮ್ಮ ಮನೆಯಲ್ಲಿ ಓಟದ ಕೋಣಗಳ ಹಟ್ಟಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಹುರುಳಿ ಬೇಯಿಸುವುದು ಅಮ್ಮ, ತಿನ್ನಿಸುವುದು ಅಪ್ಪ. ಅಪ್ಪ ಮತ್ತು ಮಾವಂದಿರು ಕೋಣಗಳ ಮೈಗೆ ಎಣ್ಣೆ ತಿಕ್ಕುವುದನ್ನು ನಾನು ಜಗಲಿಯಿಂದಲೇ ನೋಡಿ ಬೆಳೆದೆ. ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ನಾನೂ ತಿಕ್ಕುತ್ತೇನೆ ಎಂದರೆ ಅಪ್ಪನ ಉತ್ತರ ಒಂದೇ: “ಹೆಣ್ಣಲ್ವಾ ನೀನು? ಅತ್ತ ಹೋಗು.”

ಹಾಗಾಗಿ ಕಾಕ ಹೋದ ಮಾರನೆಯ ದಿನವೇ ನಾನು ಒಂದು ಬಾಟಲಿ ತೆಂಗಿನೆಣ್ಣೆ ಹಿಡಿದುಕೊಂಡು ಲಾಯಕ್ಕೆ ಹೋದೆ. ಕುತ್ತಿಗೆಯಿಂದ ಹೊಟ್ಟೆಯ ಅಡಿಯವರೆಗೆ ಎರಡಕ್ಕೂ ತಿಕ್ಕಿ ತಿಕ್ಕಿ ಹಚ್ಚಿದೆ. ನಲವತ್ತು ವರ್ಷದ ಆಸೆ, ಕೈ ನೋಯಲೇ ಇಲ್ಲ. ಆಮೇಲೆ ಜೀನು ಬಿಗಿದು ಸವಾರಿ. ದಿನವೂ ಹೀಗೆ.

ಐದನೆಯ ದಿನ ಕೆಂಪು ಕುದುರೆ ಕಿವಿ ಹಿಂದಕ್ಕೆ ಮಡಚಿತು. ಆರನೆಯ ದಿನ ನನ್ನ ಚೂಡಿದಾರದ ತೋಳನ್ನು ಕಚ್ಚಿ ಹರಿದುಹಾಕಿತು. ಏಳನೆಯ ದಿನ, ಜೀನಿನ ಹೊಟ್ಟೆಪಟ್ಟಿ ಬಿಗಿದು ಹತ್ತಿ ಕೂರುವಷ್ಟರಲ್ಲಿ ನನ್ನನ್ನು ನೆಲಕ್ಕೆ ಎಸೆಯಿತು. ಕಪ್ಪು ಕುದುರೆ ಪಕ್ಕದಲ್ಲಿ ಸಾಧುವಾಗಿ ಹುಲ್ಲು ಮೆಲ್ಲುತ್ತಿತ್ತು. ಮೊಣಕೈಯ ಮಣ್ಣು ಕೊಡವಿಕೊಂಡು ಕಾಕನಿಗೆ ಫೋನು ಮಾಡಿದೆ.

“ಕಾಕಾ, ಇದು ಮಕ್ಕಳು ಸವಾರಿಗೆ ಬರುವ ಜಾಗ. ಈ ಕುದುರೆಯನ್ನು ಇಟ್ಟುಕೊಳ್ಳುವುದು ಬೇಡ. ಹೆಣ್ಣಲ್ವಾ, ಅದರ ಬುದ್ಧಿಯೇ ಹಾಗೆ.”

“ನೀವೇ ಹೇಳಿದ ಮೇಲೆ ಮತ್ತೆ ನಾನು ಯೋಚನೆ ಮಾಡುವುದಿಲ್ಲ,” ಎಂದರು ಕಾಕ. ಚಿಕ್ಕಮಗಳೂರಿನ ಒಂದು ರೆಸಾರ್ಟಿನವರು ಮೊದಲೇ ಆ ಕುದುರೆ ಕೇಳಿದ್ದರು. ಭಾನುವಾರ ವ್ಯಾನು ತರುತ್ತೇವೆ ಎಂದರಂತೆ.

ಭಾನುವಾರ ಬೆಳಗ್ಗೆ ಕಾಕ ಕುಂಟುತ್ತಾ ಬಂದು ನೇರ ಕೆಂಪು ಕುದುರೆಯ ಬಳಿ ಹೋದರು. ಬೀಳ್ಕೊಡುವವರ ಹಾಗೆ ಹಣೆ ಸವರಿದರು, ಕುತ್ತಿಗೆ ಸವರಿದರು. ಕೈ ಹೊಟ್ಟೆಯ ಅಡಿಗೆ ಹೋದಾಗ ಕುದುರೆ ನಡುಗಿತು. ಕಾಕ ಬಗ್ಗಿ ನೋಡಿದರು. ಹೊಟ್ಟೆಪಟ್ಟಿ ಕೂರುವ ಜಾಗದ ಉದ್ದಕ್ಕೂ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತ್ತು. ಬೆರಳು ಮೂಸಿ ನನ್ನ ಕಡೆ ತಿರುಗಿದರು.

“ಎಣ್ಣೆ ಹಚ್ಚಿದ್ದಾ ಟೀಚರೇ?”

“ಕೋಣಕ್ಕೆ ಹಚ್ಚುವುದಿಲ್ವಾ ಕಾಕ...”

“ಕೋಣದ ಮೇಲೆ ಜೀನು ಉಂಟಾ ಮಾರಾಯ್ತಿ? ಈ ಬಿಸಿಲಿಗೆ ಎಣ್ಣೆ, ಬೆವರು, ಧೂಳು, ಅದರ ಮೇಲೆ ಪಟ್ಟಿ ಬಿಗಿದ್ರೆ ಚರ್ಮ ಉಳಿಯುತ್ತದಾ?”

ಆಮೇಲೆ ಕಪ್ಪು ಕುದುರೆಯ ಬಳಿ ಹೋಗಿ ಅದರ ಹೊಟ್ಟೆಯಡಿಗೂ ಕೈ ಹಾಕಿದರು. ಕೈ ಹೊರಬಂದಾಗ ಬೆರಳಿಗೆ ರಕ್ತ ಅಂಟಿತ್ತು. ಅದರದು ಗುಳ್ಳೆಯಲ್ಲ, ಒಡೆದ ಹುಣ್ಣು. ಅದೇ ಹುಣ್ಣಿನ ಮೇಲೆ ನಾನು ಹಿಂದಿನ ಸಂಜೆಯೂ ಬಗ್ಗಿ ನೋಡದೆ ಪಟ್ಟಿ ಬಿಗಿದಿದ್ದೆ, ಒಳ್ಳೆಯ ಕುದುರೆ ಎಂದು ಬೆನ್ನು ತಟ್ಟಿದ್ದೆ.

“ಇವ ಹೇಳಲಿಲ್ಲ. ಅವಳು ಹೇಳಿದಳು,” ಎಂದರು ಕಾಕ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಅದಕ್ಕಿಂತ ಒಂದು ಕೈ ಮೇಲೆ. ಐದನೆಯ ದಿನದಿಂದ ಆ ಹೆಣ್ಣು ತನಗೆ ತಿಳಿದ ಭಾಷೆಯಲ್ಲೆಲ್ಲ ನೋಯುತ್ತದೆ ಎಂದು ಹೇಳುತ್ತಿತ್ತು. ಅಪ್ಪನ ಹಟ್ಟಿಯ ಬಾಗಿಲಲ್ಲಿ ನಾನು ಕೇಳಿದ ಮಾತನ್ನೇ ಅದಕ್ಕೆ ಹಿಂದಿರುಗಿಸಿದ್ದೆ. ನಾಚಿಕೆಯಿಂದ ಅಳು ಬಂತು, ಅತ್ತುಬಿಟ್ಟೆ.

ಅಷ್ಟರಲ್ಲಿ ಕಾಕನ ಫೋನು ರಿಂಗಾಯಿತು. ವ್ಯಾನಿನವರು ಘಾಟಿ ಇಳಿದು ಕಕ್ಕಿಂಜೆಯಲ್ಲಿ ಚಾ ಕುಡಿಯುತ್ತಿದ್ದಾರಂತೆ. ಕಾಕ ಫೋನನ್ನು ನನ್ನ ಕೈಗೆ ಕೊಟ್ಟರು. “ಬೇಡ ಅಂತ ಹೇಳಿದ್ದು ನೀವು. ಈಗ ಏನು ಹೇಳ್ಬೇಕೋ ಅದೂ ನೀವೇ ಹೇಳಿ.”

ಕುದುರೆಗೆ ಹುಷಾರಿಲ್ಲ ಎಂದುಬಿಡಬಹುದಿತ್ತು. ಹೇಳಲಿಲ್ಲ. “ಕುದುರೆ ಚೆನ್ನಾಗಿದೆ, ತಪ್ಪು ಮಾಡಿದ್ದು ನಾನು. ಕೊಡುವುದಿಲ್ಲ, ನೀವು ಹಿಂದೆ ಹೋಗಿ,” ಎಂದೆ. ಅಲ್ಲಿಂದ ಬಂದ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡೆ. ಆ ದಿನ ನನ್ನ ಕಿವಿ ಸರಿಯಿತ್ತು.

ಹುಣ್ಣು ಮಾಯಲು ಮೂರು ವಾರ ಬೇಕಾಯಿತು. ಆ ಬಳಿಕ ಕಪ್ಪು ಕುದುರೆ ಮೊದಲ ದಿನವೇ ಜೀನು ಹಾಕಿಸಿಕೊಂಡಿತು. ಕೆಂಪಿನದು ಹತ್ತಿರ ಬಂದು, ನನ್ನ ತಲೆ ಮೂಸಿ, ಎರಡು ಹೆಜ್ಜೆ ಹಿಂದೆ ಸರಿಯಿತು. ಬೆಳಗ್ಗೆ ತಲೆಗೆ ತೆಂಗಿನೆಣ್ಣೆ ಹಚ್ಚಿ ಬಂದಿದ್ದೆ. ಕಾಕ ನಕ್ಕರು. ನಾನು ಮನೆಗೆ ಹೋಗಿ ಸೀಗೆ ಹಾಕಿ ತಲೆ ತೊಳೆದು, ಒದ್ದೆ ಕೂದಲಿನಲ್ಲೇ ವಾಪಸು ಬಂದೆ. ಮತ್ತೊಮ್ಮೆ ಮೂಸಿತು, ಸಾವಕಾಶವಾಗಿ. ಆಮೇಲೆ ಪಕ್ಕಕ್ಕೆ ತಿರುಗಿ ಜೀನಿಗೆ ಬೆನ್ನು ಒಡ್ಡಿ ನಿಂತಿತು.

ಈಗ ನಾನು ದಿನವೂ ಲಾಯಕ್ಕೆ ಹೋದ ಕೂಡಲೇ ಮೊದಲು ಕಪ್ಪು ಕುದುರೆಯ ಹೊಟ್ಟೆಯಡಿಗೆ ಕೈ ಹಾಕಿ ನೋಡುತ್ತೇನೆ. ಅದು ಹೇಳುವುದಿಲ್ಲ.